ಸೀಸೆ ತೊಳೆದವನ ಸ್ಪಷ್ಟೀಕರಣ

ನಾಗರಿಕತೆಯ ಅಡಿಪಾಯ ಶುಚಿತ್ವ. ಚಕ್ರ, ನೇಗಿಲು, ಬರವಣಿಗೆ ಎಲ್ಲ ಆಮೇಲೆ ಬಂದವು. ಅದಕ್ಕೂ ಮೊದಲು ಯಾರೋ ಒಬ್ಬ ಪುಣ್ಯಾತ್ಮ ತಾನು ಉಂಡ ಪಾತ್ರೆಯನ್ನು ತೊಳೆದು ಬೋರಲು ಹಾಕಿರಬೇಕು. ಈ ಅಭಿಪ್ರಾಯವನ್ನು ನಾನು ವರ್ಷಗಟ್ಟಲೆ ಅಚಲವಾಗಿ ಕಾಪಾಡಿಕೊಂಡು ಬಂದಿದ್ದೆ. ಅದಕ್ಕೆ ನನ್ನ ಚಿಂತನೆಯ ಆಳವೇನೂ ಕಾರಣವಲ್ಲ. ನನ್ನ ಕೆಲಸ ಬಾಟಲಿ ತೊಳೆಯುವುದಾಗಿತ್ತು.

ಕಾಗದದ ಮೇಲೆ ನಾನು ತಾಂತ್ರಿಕ ಅಧಿಕಾರಿ. ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗಾಜಿನ ಸಾಮಾನು, ತಕ್ಕಡಿ, ಶುದ್ಧ ನೀರಿನ ಯಂತ್ರ ಇವುಗಳ ಉಸ್ತುವಾರಿ ನನ್ನದು. ತೊಳೆಯಲೆಂದು ಬೇರೆಯವರಿದ್ದರು. ಅವರು ನಿವೃತ್ತರಾದಾಗ, ಆ ಹುದ್ದೆ ತುಂಬುವ ತನಕ ತಾತ್ಕಾಲಿಕವಾಗಿ ನಾನೇ ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡೆ. ಆ ತಾತ್ಕಾಲಿಕಕ್ಕೆ ಈಗ ಹನ್ನೊಂದು ವರ್ಷ. ಕರೋಲ್ ಬಾಗ್ ಕಡೆ ನಮ್ಮವರ ಮದುವೆ ಮುಂಜಿಗಳಿಗೆ ಹೋದಾಗ ಯಾರಾದರೂ ವಿಚಾರಿಸಿದರೆ ನನ್ನ ಹೆಂಡತಿ "ಇವರು ಸೈಂಟಿಸ್ಟು" ಎಂದುಬಿಡುತ್ತಾಳೆ. ನಾನು ತಿದ್ದುವುದಿಲ್ಲ. ಊಟದ ಹೊತ್ತಿನಲ್ಲಿ ವಿವರಣೆ ಒಳ್ಳೆಯದಲ್ಲ.

ಆದರೆ ತೊಳೆಯುವುದನ್ನು ನಾನು ಹಗುರವಾಗಿ ತೆಗೆದುಕೊಂಡವನಲ್ಲ. ದೆಹಲಿಯ ನಲ್ಲಿ ನೀರು ಬಲು ಗಡಸು. ಅದರಲ್ಲಿ ತೊಳೆದ ಗಾಜು ಒಣಗಿದ ಮೇಲೆ ವಿಭೂತಿ ಬಳಿದುಕೊಂಡಂತೆ ಕಾಣುತ್ತದೆ. ಅಂಥ ಗಾಜನ್ನು ಸಂಶೋಧಕರ ಕೈಗೆ ಕೊಡಲು ನನಗೆ ಮನಸ್ಸು ಬರುತ್ತಿರಲಿಲ್ಲ. ಆದ್ದರಿಂದ ನನ್ನದೇ ಒಂದು ಪದ್ಧತಿಯಿತ್ತು. ಮೊದಲು ಸೋಪು, ಆಮೇಲೆ ನಲ್ಲಿ ನೀರು, ಅನಂತರ ತೆಳುವಾದ ಆಸಿಡ್ ತುಂಬಿದ ನೀಲಿ ತೊಟ್ಟಿಯಲ್ಲಿ ಒಂದು ರಾತ್ರಿಯ ವಾಸ, ಕೊನೆಗೆ ಯಂತ್ರದ ಶುದ್ಧ ನೀರಿನಲ್ಲಿ ಏಳು ಸಲ ಜಾಲಾಡಿಸುವುದು. ಏಳೇ ಏಕೆಂದು ಕೇಳಿದವರಿಗೆ "ಆರು ಸಾಲದು, ಎಂಟು ದುರಾಸೆ" ಎನ್ನುತ್ತಿದ್ದೆ. ನನ್ನ ಸೀಸೆಗಳನ್ನು ಕಿಟಕಿಗೆ ಹಿಡಿದರೆ ಸೀಸೆ ಕಾಣುತ್ತಿರಲಿಲ್ಲ, ಹೊರಗಿನ ಬೇವಿನ ಮರ ಕಾಣುತ್ತಿತ್ತು.

ಈ ಕಥೆಯಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡವಳು ದಾವಣಗೆರೆಯ ಒಬ್ಬ ಹುಡುಗಿ. ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಲಕ್ಷ್ಮೀ ನಗರದಲ್ಲಿ, ಕೋಚಿಂಗ್ ಕ್ಲಾಸುಗಳ ಬೋರ್ಡುಗಳ ನಡುವೆ ಕಿಟಕಿ ಯಾವುದೆಂದು ಹುಡುಕಬೇಕಾದಂಥ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿದ್ದಳು. ಸೇರಿದ ಮೊದಲ ವಾರದಲ್ಲೇ, ನಾನು ಫೋನಿನಲ್ಲಿ ಮನೆಯವಳೊಂದಿಗೆ ಮೆಂತ್ಯಸೊಪ್ಪಿನ ವಿಚಾರವಾಗಿ ವಾದ ಮಾಡುತ್ತಿದ್ದುದನ್ನು ಕೇಳಿಸಿಕೊಂಡು ಬಾಗಿಲಲ್ಲೇ ನಿಂತಳು.

"ಸರ್, ನೀವು ಕನ್ನಡದೋರಾ?"

"ಫೋನಿಟ್ಟ ಮೇಲೆ ಹೇಳ್ತೀನಮ್ಮ. ಈಗ ಸೋಲ್ತಾ ಇದೀನಿ."

ಅಂದಿನಿಂದ ಐದು ವರ್ಷ ಆಕೆಯ ಗಾಜೆಲ್ಲ ನನ್ನ ಕೈಯಿಂದಲೇ ಹೋಯಿತು. ಬೇರೆಯವರ ಸೀಸೆಗಿಂತ ಅವಳದಕ್ಕೆ ಒಂದು ಕೈ ಹೆಚ್ಚೇ ಉಜ್ಜುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು. ಊರ ಕಡೆಯವಳೆಂಬ ಪಕ್ಷಪಾತ.

ಆಕೆಯ ಸಂಶೋಧನೆಯನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕ್ಯಾನ್ಸರಿನ ಔಷಧಿಗಳಿಗೆ ಇರುವ ಒಂದು ದೋಷವೆಂದರೆ ಅವಕ್ಕೆ ವಿಳಾಸ ಗೊತ್ತಿಲ್ಲ. ರಕ್ತದೊಳಗೆ ಬಿಟ್ಟರೆ ಗಡ್ಡೆಗೂ ಹೋಗುತ್ತವೆ, ಹೃದಯಕ್ಕೂ ಹೋಗುತ್ತವೆ, ಕೂದಲ ಬುಡಕ್ಕೂ ಹೋಗುತ್ತವೆ. ಆದರೆ ಗಡ್ಡೆಯಲ್ಲಿ, ಅದರಲ್ಲೂ ಜೀವಕೋಶದ ಒಳಕೋಣೆಗಳಲ್ಲಿ, ರಕ್ತದಲ್ಲಿಲ್ಲದ ಹುಳಿ ಇರುತ್ತದೆ. ಹಾಗಾಗಿ ಔಷಧಿಯನ್ನು ಒಂದು ಪೊಟ್ಟಣದಲ್ಲಿ ಕಟ್ಟಿ, ಅದು ರಕ್ತದಲ್ಲಿರುವಷ್ಟು ಹೊತ್ತೂ ಮುಚ್ಚಿಕೊಂಡಿದ್ದು, ಹುಳಿ ತಾಗಿದ ಕಡೆ ಬಿಚ್ಚಿಕೊಳ್ಳುವಂತೆ ಮಾಡಿದರೆ ಆಯಿತು. ಹೇಳಲು ಒಂದು ವಾಕ್ಯ, ಮಾಡಲು ಐದು ವರ್ಷ.

ಪೊಟ್ಟಣ ಕಟ್ಟುವುದು ಪಾಲಿಮರ್‌ನಿಂದ, ಅಂದರೆ ಸರಪಳಿಯಂಥ ಉದ್ದನೆಯ ಅಣುಗಳಿಂದ. ಆಕೆ ತಯಾರಿಸಿದ ಸರಪಳಿಯ ಒಂದು ತುದಿಗೆ ನೀರೆಂದರೆ ಪ್ರೀತಿ, ಇನ್ನೊಂದು ತುದಿಗೆ ನೀರೆಂದರೆ ಆಗದು. ಇಂಥವನ್ನು ನೀರಿಗೆ ಬಿಟ್ಟರೆ ಯಾರೂ ಆದೇಶ ಹೊರಡಿಸದೆಯೇ ಗುಂಪು ಕಟ್ಟಿಕೊಳ್ಳುತ್ತವೆ. ಜನವರಿಯ ಬೆಳಗ್ಗೆ ವಸಂತ್ ಕುಂಜ್‌ನ ಗೇಟುಗಳಲ್ಲಿ ಕಾವಲುಗಾರರು ಬೆಂಕಿಯ ಸುತ್ತ ಕೂರುತ್ತಾರಲ್ಲ, ಮುಖ ಒಳಗೆ, ಕಂಬಳಿ ಹೊದ್ದ ಬೆನ್ನು ಹೊರಗೆ, ಹಾಗೆ. ಬೆಂಕಿಯ ಜಾಗದಲ್ಲಿ ಔಷಧಿ ಕೂತಿರುತ್ತದೆ. ಸರಪಳಿಯ ನಡುವೆ ಆಕೆ ಒಂದು ಬಗೆಯ ಕೊಂಡಿ ಹಾಕಿದ್ದಳು. ಹುಳಿ ತಾಗಿದರೆ ಅದು ತುಂಡಾಗಿ ಗುಂಪು ಚೆದುರುತ್ತದೆ, ಔಷಧಿ ಹೊರಗೆ ಬರುತ್ತದೆ.

"ಅಂದ್ರೆ ನಮ್ಮ ಸೆಕ್ಷನ್ ಆಫೀಸರ್ ಥರ," ಎಂದೆ ನಾನು. "ಸರಿಯಾದ ಜಾಗ ಬರೋ ತನಕ ಬಾಯಿ ಬಿಡಬಾರದು."

"ಅವರು ಯಾವ ಜಾಗದಲ್ಲೂ ಬಿಡಲ್ಲ ಸರ್. ನನ್ನ ಎಕ್ಸ್‌ಟೆನ್ಶನ್ ಫೈಲ್ ನಾಲ್ಕು ತಿಂಗಳಿಂದ ಅವರ ಟೇಬಲ್ ಮೇಲೇ ಇದೆ."

ಆ ಫೈಲೇ ಈಗ ವಿಷಯ. ಹೋದ ಬೇಸಿಗೆಗೆ ಆಕೆಯ ಅವಧಿ ಮುಗಿದಿತ್ತು. ಇನ್ನೊಂದು ಅವಧಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಜುಲೈನಲ್ಲಿ ಒಂದು ಸಮಿತಿ ಕೂರುವುದಿತ್ತು. ಸಮಿತಿಯವರು ಕೇಳಿದ್ದು ಒಂದೇ: ಈ ಪೊಟ್ಟಣಗಳು ರಕ್ತದಂಥ ನೀರಿನಲ್ಲಿ ಒಂದು ಇಡೀ ದಿನ ಮುಚ್ಚಿಕೊಂಡಿರುವುದನ್ನು ಸತತವಾಗಿ ಮೂರು ಸಲ ತೋರಿಸಬೇಕು. ತೋರಿಸಿದರೆ ಪ್ರಬಂಧ ಬರೆಯಬಹುದು. ಇಲ್ಲವಾದರೆ ನೋಂದಣಿ ರದ್ದು, ಐದು ವರ್ಷಕ್ಕೆ ಒಂದು ನಮಸ್ಕಾರ ಹಾಕಿ ದಾವಣಗೆರೆಯ ರೈಲು ಹತ್ತಬಹುದು.

ಪರೀಕ್ಷೆ ನೋಡಲು ಸರಳ. ಆ ಔಷಧಿಯ ಬಣ್ಣವೇ ಕೆಂಪು. ಪೊಟ್ಟಣಗಳಿರುವ ನೀರನ್ನು ತೆಳ್ಳನೆಯ ಪೊರೆಯ ಚೀಲದಲ್ಲಿ ತುಂಬಿ, ಎರಡೂ ತುದಿಗೆ ಕ್ಲಿಪ್ ಹಾಕಿ, ರಕ್ತದಷ್ಟೇ ಹುಳಿ-ಸವಳಿರುವ ಉಪ್ಪುನೀರಿನ ಬೀಕರಿನಲ್ಲಿ ಇಳಿಬಿಡುತ್ತಾರೆ. ಪೊಟ್ಟಣ ಮುಚ್ಚಿದ್ದರೆ ಹೊರಗಿನ ನೀರು ನೀರಾಗಿಯೇ ಇರುತ್ತದೆ. ಬಾಯಿ ಬಿಟ್ಟರೆ ಗುಲಾಬಿಯಾಗುತ್ತದೆ. ಹುಳಿ ನೀರಿನಲ್ಲಿ ಗುಲಾಬಿಯಾಗಬೇಕು, ರಕ್ತದಂಥ ನೀರಿನಲ್ಲಿ ಆಗಬಾರದು. ಆಕೆಯದು ಎರಡರಲ್ಲೂ ಆಗುತ್ತಿತ್ತು.

ಮಾರ್ಚಿನವರೆಗೆ ಒಮ್ಮೆ ಸರಿ ಬಂದರೆ ಒಮ್ಮೆ ಕೆಡುತ್ತಿತ್ತು. ಏಪ್ರಿಲ್‌ನಲ್ಲಿ ಕೆಡುವುದೇ ಹೆಚ್ಚಾಯಿತು. ಆಕೆಯ ಗೈಡ್ ಒಬ್ಬ ಪಂಜಾಬಿ ಮೇಡಂ, ಒಳ್ಳೆಯವರು, ಆದರೆ ದೋಷವೆಲ್ಲ ಪಾಲಿಮರಿನದೇ ಎಂದು ನಂಬಿದ್ದರು. "ಫಿರ್ ಸೇ ಬನಾವೋ", ಹೊಸದಾಗಿ ಮಾಡು, ಎಂದರು. ಒಂದು ಸಲ ಪಾಲಿಮರ್ ಮಾಡಲು ಒಂದು ತಿಂಗಳು ಬೇಕು. ಮಾಡಿದಳು. ಅದೂ ಗುಲಾಬಿ.

ಇದೇ ಏಪ್ರಿಲ್‌ನಲ್ಲಿ ಎರಡು ಘಟನೆಗಳು ನಡೆದವು. ಎರಡಕ್ಕೂ ಇದಕ್ಕೂ ಸಂಬಂಧವಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ. ಮೊದಲನೆಯದು ಒಂದು ಸುತ್ತೋಲೆ. ಬೇಸಿಗೆಯಲ್ಲಿ ದೆಹಲಿಗೆ ನೀರಿನ ತಾಪತ್ರಯ. ಟ್ಯಾಂಕರು ಬಂದರೆ ಉಂಟು, ಇಲ್ಲವಾದರೆ ಇಲ್ಲ. ಶುದ್ಧ ನೀರಿನ ಯಂತ್ರ ಒಂದು ಬಕೆಟ್ ಶುದ್ಧ ನೀರು ಕೊಡಲು ಎರಡು ಬಕೆಟ್ ಚರಂಡಿಗೆ ಬಿಡುತ್ತದೆ. ಆದ್ದರಿಂದ ಗಾಜನ್ನು ಎರಡು ಸಲಕ್ಕಿಂತ ಹೆಚ್ಚು ಜಾಲಾಡಿಸಬಾರದೆಂದು ಆದೇಶ ಬಂತು. ನಾನು ಸರ್ಕಾರಿ ಸಂಬಳ ತಿನ್ನುವವನು. ಏಳನ್ನು ಎರಡಕ್ಕೆ ಇಳಿಸಿದೆ. ಆಸಿಡ್ ತೊಟ್ಟಿಯ ಬಗ್ಗೆ ಸುತ್ತೋಲೆ ಏನೂ ಹೇಳಿರಲಿಲ್ಲ, ಅದನ್ನು ಹಾಗೆಯೇ ಉಳಿಸಿಕೊಂಡೆ.

ಎರಡನೆಯದು ನನ್ನ ಕಣ್ಣು. ಏಪ್ರಿಲ್ ಕೊನೆಗೆ ಬಲಗಣ್ಣಿನ ಪೊರೆ ತೆಗೆಸಿ ಹನ್ನೆರಡು ದಿನ ರಜೆಯಲ್ಲಿದ್ದೆ. ಪಟ್ಟಿ ಬಿಚ್ಚಿದ ದಿನ ಮಗಳು ಎದುರಿಗೆ ಬಂದು ನಿಂತು, "ಅಪ್ಪಾ, ಅಬ್ ಸಬ್ ಎಚ್‌ಡಿ ಮೇ ದಿಖ್ ರಹಾ ಹೈ ಕ್ಯಾ?" ಎಂದಳು. ದೆಹಲಿಯಲ್ಲಿ ಹುಟ್ಟಿದ ಮಗು, ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತದೆ. ಆದರೆ ಎಲ್ಲ ಎಚ್‌ಡಿಯಲ್ಲಿ ಕಾಣುತ್ತಿದೆಯಾ ಎಂದು ಕೇಳಿದ್ದು ಸರಿಯಾಗಿತ್ತು. ಕೆಲಸಕ್ಕೆ ಹಿಂದಿರುಗಿ ನನ್ನ ಸೀಸೆಗಳನ್ನು ಕಿಟಕಿಗೆ ಹಿಡಿದು ನೋಡಿದರೆ, ಇಷ್ಟು ವರ್ಷ ಕಣ್ಣಿಗೆ ಬೀಳದೇ ಇದ್ದ ಚುಕ್ಕೆಗಳು ನಕ್ಷತ್ರಗಳ ಹಾಗೆ ಹರಡಿದ್ದವು. ನನಗೆ ನಾಚಿಕೆಯಾಯಿತು. ಅಂದಿನಿಂದ ಒಂದು ರಾತ್ರಿಯ ಆಸಿಡ್ ವಾಸವನ್ನು ಎರಡು ರಾತ್ರಿಗೆ ಏರಿಸಿದೆ.

ಮೇ, ಜೂನ್ ತಿಂಗಳು ಆಕೆಯ ಬೀಕರುಗಳು ಗಂಟೆಯೊಳಗೆ ಗುಲಾಬಿಯಾಗತೊಡಗಿದವು.

ಜೂನ್ ಕೊನೆಯ ಒಂದು ಮಧ್ಯಾಹ್ನ ಆಕೆ ತನ್ನ ನೋಟ್‌ಬುಕ್ ಹಿಡಿದುಕೊಂಡು ತೊಳೆಯುವ ಕೋಣೆಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

"ಸರ್, ನಿಮ್ಮ ಕಣ್ಣಿನ ಆಪರೇಷನ್ ಯಾವತ್ತಾಗಿದ್ದು?"

ಆರೋಗ್ಯ ವಿಚಾರಿಸುತ್ತಿದ್ದಾಳೆಂದು ಸಂತೋಷವಾಗಿ ತಾರೀಖು ಹೇಳಿದೆ.

"ವಾಪಸ್ ಯಾವತ್ತು ಬಂದ್ರಿ?"

ಅದನ್ನೂ ಹೇಳಿದೆ. ಆಕೆ ನೋಟ್‌ಬುಕ್ ನೋಡಿದಳು, ನೆಲ ನೋಡಿದಳು, ನೀಲಿ ತೊಟ್ಟಿಯನ್ನೂ ನೋಡಿದಳು. ಆದರೆ ಅದನ್ನು ಕಂಡಳೆಂದು ಹೇಳಲಾರೆ.

"ಬೇಜಾರ್ ಮಾಡ್ಕೋಬೇಡಿ ಸರ್."

"ಹೇಳಮ್ಮ."

"ಈ ವರ್ಷ ಸತತವಾಗಿ ಎರಡು ಸಲ ಸರಿ ಬಂದಿರೋದು ಒಂದೇ ಸರ್ತಿ. ಎರಡೂ ನೀವು ರಜದಲ್ಲಿದ್ದಾಗ. ಮೂರನೇದಕ್ಕೆ ನೀವು ಬಂದ್ರಿ."

ವಿಜ್ಞಾನದ ಸಂಸ್ಥೆಯೊಂದರಲ್ಲಿ, ಲಕ್ಷಾಂತರ ಅಣುಗಳನ್ನು ಅಳೆಯುವ ಯಂತ್ರಗಳ ನಡುವೆ, ಇಬ್ಬರು ಓದಿದ ಮನುಷ್ಯರು ಆ ಕ್ಷಣದಲ್ಲಿ ಯೋಚಿಸಿದ್ದು ಒಂದೇ ಶಬ್ದ. ಕೊನೆಗೆ ಹಿರಿಯನೆಂಬ ಕಾರಣಕ್ಕೆ ನಾನೇ ಹೇಳಿದೆ.

"ನನ್ನ ಕಾಲ್ಗುಣ ಅಂತೀಯಾ?"

"ಛೆ, ಹಾಗಲ್ಲ ಸರ್. ನಾನು ಅದನ್ನೆಲ್ಲ ನಂಬಲ್ಲ."

"ನಾನೂ ನಂಬಲ್ಲ. ಆದ್ರೂ ಬೇಕಾದ್ರೆ ಸಮಿತಿ ಮುಗಿಯೋ ತನಕ ರಜ ಹಾಕ್ತೀನಿ."

"ಅಯ್ಯೋ, ಬೇಡ ಸರ್. ನನಗೋಸ್ಕರ ಅದೆಲ್ಲ ಯಾಕೆ." ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಎಷ್ಟು ದಿನ ಸಿಗತ್ತೆ ಸರ್?"

ಎರಡು ವಾರ ಸಿಕ್ಕಿತು. ಅರ್ಜಿಯಲ್ಲಿ ಕಾರಣ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿ "ವೈಯಕ್ತಿಕ" ಎಂದು ಬರೆದೆ. ಅದಕ್ಕಿಂತ ನಿಖರವಾದ ಪದವನ್ನು ನಾನು ಸರ್ಕಾರಕ್ಕೆ ಎಂದೂ ಬರೆದು ಕೊಟ್ಟಿರಲಿಲ್ಲ.

ಹೋಗುವ ಮುನ್ನ ನನ್ನ ಕೈಲಾದ ಉಪಕಾರ ಮಾಡಿ ಹೋದೆ. ಆಕೆಯ ಬಳಿ ಉಳಿದಿದ್ದ ಪಾಲಿಮರ್ ನಾಲ್ಕು ಸಲಕ್ಕೆ ಮಾತ್ರ ಸಾಕಾಗುವಷ್ಟಿತ್ತು. ಹೊಸದು ಮಾಡಲು ಸಮಯವಿರಲಿಲ್ಲ. ಆದ್ದರಿಂದ ಗಾಜಿನ ಕಡೆಯಿಂದ ಯಾವ ಕೊರತೆಯೂ ಆಗಬಾರದೆಂದು ಎರಡು ಡಜನ್ ಸಣ್ಣ ಸೀಸೆಗಳನ್ನು ಮೂರು ರಾತ್ರಿ ಆಸಿಡ್‌ನಲ್ಲಿಟ್ಟು, ಸುತ್ತೋಲೆಯಂತೆ ಎರಡು ಸಲ ಜಾಲಾಡಿಸಿ, ಒಣಗಿಸಿ, ಬಾಯಿಗೆ ಫಾಯಿಲ್ ಸುತ್ತಿ, ಆಕೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟೆ. ಪೊಟ್ಟಣಗಳನ್ನು ಕಟ್ಟುವುದು, ಕಟ್ಟಿದ ಮೇಲೆ ಎರಡು ದಿನ ಫ್ರಿಜ್ಜಿನಲ್ಲಿ ಇಡುವುದು, ಎರಡೂ ಆ ಸೀಸೆಗಳಲ್ಲೇ. ಅದೂ ಬರೀ ಶುದ್ಧ ನೀರಿನಲ್ಲಿ. ಉಪ್ಪು ಸೇರಿದರೆ ಪೊಟ್ಟಣಗಳ ಗಾತ್ರ ಅಳೆಯಲು ಬರುವುದಿಲ್ಲವಂತೆ.

ರಜೆಯ ಮೂರನೆಯ ದಿನಕ್ಕೆ ನನಗೆ ಮನೆಯಲ್ಲಿ ಕೈ ತುರಿಸತೊಡಗಿತು. ನಾವಿರುವುದು ವಸಂತ್ ಕುಂಜ್‌ನ ಹಳೆಯ ಸರ್ಕಾರಿ ಫ್ಲ್ಯಾಟುಗಳಲ್ಲಿ. ಅಡುಗೆಮನೆಯ ಸ್ಟೀಲ್ ಪಾತ್ರೆಗಳನ್ನು ಹೊಸ ಕಣ್ಣಿನಿಂದ ಪರಿಶೀಲಿಸಿದೆ. ಹಾಲು ಕಾಯಿಸುವ ಪಾತ್ರೆಯ ತಳದಲ್ಲಿ ಗಡಸು ನೀರಿನ ಬಿಳಿ ಕಲೆ ಕೂತಿತ್ತು. ಹುಣಸೆಹಣ್ಣು ನೆನೆಸಿ, ಅದನ್ನು ಹಚ್ಚಿ, ಕಲೆ ಹೋಗುವ ತನಕ ಉಜ್ಜಿದೆ. ತೊಳೆಯಲು ಹೋದರೆ ನಲ್ಲಿ ಸೊಂಯ್ ಎಂದು ಗಾಳಿ ಬಿಟ್ಟು ಸುಮ್ಮನಾಯಿತು. ಚೊಂಬಿನಲ್ಲಿದ್ದ ನೀರಿನಲ್ಲೇ ಎರಡು ಸಲ ಜಾಲಾಡಿಸಿ, ಕನ್ನಡಿಯಂತಾದ ಪಾತ್ರೆಯನ್ನು ಒಲೆಯ ಪಕ್ಕ ಇಟ್ಟು ಪೇಪರ್ ಓದಲು ಕೂತೆ.

ಹತ್ತು ನಿಮಿಷಕ್ಕೆ ಅಡುಗೆಮನೆಯಿಂದ ಕರೆ ಬಂತು.

"ರೀ, ಹಾಲು ಒಡೀತು."

"ಹಾಲು ಹಳೇದಿರಬೇಕು."

"ಬೆಳಗ್ಗೆ ಬಂದಿರೋ ಹಾಲು. ಪಾತ್ರೆ ತೊಳೆದೋರು ಯಾರು?"

"ನಾನು."

"ಅದೇ ಮತ್ತೆ. ಹುಣಸೆಹಣ್ಣು ಹಾಕಿ ಉಜ್ಜಿದೀರ, ಸರಿಯಾಗಿ ನೀರು ಬಿಟ್ಟಿಲ್ಲ. ಒಂಚೂರು ಹುಳಿ ಉಳಿದ್ರೂ ಹಾಲು ತಡ್ಕೊಳ್ಳತ್ತಾ? ಇಷ್ಟು ವರ್ಷ ಕಲೆ ಇದ್ದ ಪಾತ್ರೇಲಿ ಒಂದಿನ ಒಡೆದಿರಲಿಲ್ಲ."

ನಾನು ಪೇಪರ್ ಮಡಿಸಿದೆ. ಒಡೆದ ಹಾಲನ್ನು ಬಗ್ಗಿ ನೋಡಿದೆ. ಕಲೆ ಇದ್ದ ಪಾತ್ರೆ ಎಂಬ ಮಾತು ಎಲ್ಲೋ ಹೋಗಿ ತಾಗಿತು. ನಾನು ರಜೆಯಲ್ಲಿದ್ದಾಗ ಹುಡುಗಿ ತನ್ನ ಸೀಸೆಗಳನ್ನು ತಾನೇ ತೊಳೆದುಕೊಂಡಿದ್ದಳು: ಸೋಪು, ನಲ್ಲಿ ನೀರು, ಮುಗಿಯಿತು. ಹಿಂದಿರುಗಿದಾಗ ಅವುಗಳನ್ನು ನೋಡಿ, ವಿಭೂತಿ ಬಳಿದ ಈ ಸೀಸೆಗಳಲ್ಲಿ ಸಂಶೋಧನೆ ಮಾಡಿದೆಯಾ ಎಂದು ನಾನೇ ಬೈದಿದ್ದೆ. ಆ ಬಿಳಿ ಕಲೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಅದು ಸುಣ್ಣ. ಹುಳಿಯನ್ನು ಕೊಲ್ಲುವುದೇ ಸುಣ್ಣದ ಗುಣ. ಏಳು ಸಲ ಜಾಲಾಡಿಸುತ್ತಿದ್ದಾಗಲೂ ಒಮ್ಮೊಮ್ಮೆ ಒಂದಿಷ್ಟು ಉಳಿಯುತ್ತಿದ್ದಿರಬೇಕು; ಎರಡೇ ಸಲ ಜಾಲಾಡಿಸಿದ ನನ್ನ ಸೀಸೆಯಲ್ಲಿ ಉಳಿದದ್ದೋ ತೊಟ್ಟಿಯ ಆಸಿಡ್, ಅಂದರೆ ಹುಳಿ. ಆ ಇಡೀ ಕಟ್ಟಡದಲ್ಲಿ, ಹುಳಿ ಕಂಡರೆ ಬಾಯಿ ಬಿಡಬೇಕೆಂದು ಐದು ವರ್ಷ ತರಬೇತಿ ಕೊಟ್ಟು ಬೆಳೆಸಿದ ವಸ್ತು ಒಂದೇ ಒಂದು. ಅದು ಬಾಯಿ ಬಿಟ್ಟು ಹೇಳಿದ್ದನ್ನು ನಾವೆಲ್ಲ ಅದರ ತಪ್ಪೆಂದು ಬರೆದುಕೊಂಡಿದ್ದೆವು.

ಫೋನ್ ಮಾಡಿದೆ. ಎತ್ತಲಿಲ್ಲ. ಪ್ರಯೋಗಾಲಯದೊಳಗೆ ಫೋನ್ ತರಬಾರದೆಂದು ನೋಟೀಸು ಅಂಟಿಸಿದ್ದವನೂ ನಾನೇ. ಅಂದು ಬೆಳಗ್ಗೆ ಹತ್ತಕ್ಕೆ ಮೊದಲ ಬ್ಯಾಚ್ ಶುರು ಮಾಡುತ್ತೇನೆಂದು ಆಕೆ ಹೇಳಿದ್ದಳು. ಗಂಟೆ ಹತ್ತೂಕಾಲು.

ಮನೆಯಲ್ಲಿದ್ದ ಬಟ್ಟೆಯಲ್ಲೇ ಕೆಳಗಿಳಿದು ಆಟೋ ಹತ್ತಿದೆ. ನನ್ನ ಅವತಾರ, ಹೊಸ ಕಣ್ಣಿಗೆ ಹಾಕಿದ ಕಪ್ಪು ಕನ್ನಡಕ, ಏದುಸಿರು ನೋಡಿ ಆಟೋದವನಿಗೆ ಮರುಕ ಬಂತು.

"ಅಸ್ಪತಾಲ್ ಜಾನಾ ಹೈ, ಬಾಬೂಜೀ?"

"ನಹೀಂ ಭಯ್ಯಾ. ಬೋತಲ್ ಧೋನಾ ಹೈ."

ಬಾಟಲಿ ತೊಳೆಯಬೇಕು ಎಂದದ್ದೇ ತಡ, ಅವನು ಗಾಡಿ ಹೊರಡಿಸಿದ. ಬಿಸಿಲು ತಲೆಗೇರಿದವರನ್ನು ಹೇಗೆ ಕರೆದೊಯ್ಯಬೇಕೋ ಹಾಗೆ, ಒಂದು ಹಳ್ಳಕ್ಕೂ ಇಳಿಸದೆ ಕರೆದೊಯ್ದ.

ಹೋಗುವಷ್ಟರಲ್ಲಿ ಮೊದಲ ಸೀಸೆಗೆ ಪಾಲಿಮರ್ ಹಾಕಿ ಆಗಿತ್ತು. ಎರಡನೆಯ ಸೀಸೆಯ ಫಾಯಿಲ್ ಬಿಚ್ಚುತ್ತಿದ್ದಳು. ನನ್ನನ್ನು ಕಂಡು ಆಕೆಯ ಮುಖ ಬಿಳುಚಿಕೊಂಡಿತು.

"ಸರ್, ನೀವು ರಜದಲ್ಲಿ ಇರಬೇಕಿತ್ತಲ್ಲ."

"ಕಾಲ್ಗುಣ ಅಲ್ಲಮ್ಮ. ಕೈಗುಣ. ಅದನ್ನ ಕೆಳಗಿಡು."

ಇನ್ನೂ ಬಳಸದ ಒಂದು ಸೀಸೆಗೆ ಸ್ವಲ್ಪ ಶುದ್ಧ ನೀರು ಹಾಕಿ ಚೆನ್ನಾಗಿ ಕುಲುಕಿ, ಹುಳಿ ಅಳೆಯುವ ಮೀಟರಿನ ಕಡ್ಡಿ ಅದ್ದಿದೆವು. ಆ ಮೀಟರಿನಲ್ಲಿ ಏಳು ಎಂದರೆ ಹುಳಿಯೂ ಅಲ್ಲ ಸವಳೂ ಅಲ್ಲ. ಏಳರಿಂದ ಇಳಿದಷ್ಟೂ ಹುಳಿ. ಯಂತ್ರದ ನೀರು ತಾನಾಗಿಯೇ ಆರರ ಸಮೀಪ ನಿಲ್ಲುತ್ತದೆ. ನನ್ನ ಸೀಸೆಯ ನೀರು ನಾಲ್ಕೂವರೆಯಲ್ಲಿ ನಿಂತಿತು. ಇನ್ನೊಂದು ಸೀಸೆ ತೆಗೆದೆವು. ನಾಲ್ಕೂವರೆ. ಮೂರನೆಯದು ನಾಲ್ಕು ಚಿಲ್ಲರೆ. ನನ್ನ ಕೆಲಸದಲ್ಲಿ ಒಂದು ಏಕರೂಪತೆ ಇತ್ತೆಂಬುದು ಮಾತ್ರ ಸಾಬೀತಾಯಿತು.

ಹುಡುಗಿ ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೋ ಏನೋ ಎಂದು ನಾನು ಮೀಟರನ್ನೇ ನೋಡುತ್ತಿದ್ದೆ.

"ನಾನು ಎರಡು ಸಲ ಪಾಲಿಮರ್ ಮಾಡಿದೆ ಸರ್," ಎಂದಳು. "ಸರಿಯಾಗೇ ಇತ್ತು ಅದು."

"ಸರಿಯಾಗೇ ಇತ್ತು. ನಾನು ಕೆಡಿಸಿದೆ."

"ನೀವು ಚೆನ್ನಾಗಿ ತೊಳೆದಿರಿ ಅಷ್ಟೆ."

"ಅದನ್ನೇ ಹೇಳ್ತಿರೋದು."

ಆಗ ಮೇಡಂ ಬಂದರು. "ಸರ್ ಜೀ, ಆಪ್ ತೋ ಛುಟ್ಟಿ ಪರ್ ಥೇ ನ?" ಎಂದು ರಜೆ ನೆನಪಿಸಿ ನನ್ನ ಲುಂಗಿಯನ್ನೂ ಮೀಟರನ್ನೂ ಒಂದೊಂದು ಸಲ ನೋಡಿದರು. ಹುಡುಗಿ ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕೆಲಸದ ಮಾತಿಗೆ ಬಂದರು. ಮೊದಲ ಸೀಸೆಗೆ ಹಾಕಿದ್ದು ಹೋಯಿತು. ಉಳಿದದ್ದು ಮೂರಕ್ಕೆ ಸರಿಯಾಗಿ. ಮೂರೂ ಸರಿ ಬರಬೇಕು, ನಾಲ್ಕನೆಯ ಅವಕಾಶವಿಲ್ಲ. ಅಷ್ಟೇ ಅಲ್ಲ, ಹಳೆಯ ಫಲಿತಾಂಶಗಳು ಏಕೆ ಕೆಟ್ಟವೆಂದು ಸಮಿತಿ ಕೇಳದೆ ಬಿಡುವುದಿಲ್ಲ. ಕಾರಣ ಬರಹದಲ್ಲಿಲ್ಲದಿದ್ದರೆ, ಒಳ್ಳೆಯದನ್ನಷ್ಟೇ ಆಯ್ದು ತೋರಿಸಿದ್ದಾಳೆ ಎನ್ನುತ್ತಾರೆ.

"ಲಿಖ್ ಕೇ ಕೌನ್ ದೇಗಾ?" ಎಂದರು ಮೇಡಂ, ಮೃದುವಾಗಿ, ಕಿಟಕಿಯ ಕಡೆ ನೋಡುತ್ತ.

ಇದು ಸಣ್ಣ ಮಾತಲ್ಲ. ಬರೆದು ಕೊಟ್ಟರೆ ಅದು ಫೈಲಿಗೆ ಹೋಗುತ್ತದೆ. ಹನ್ನೊಂದು ವರ್ಷದಲ್ಲಿ ನನ್ನ ಗಾಜಿನಲ್ಲಿ ಯಾರ ಯಾರ ಪ್ರಯೋಗ ಕೆಟ್ಟಿತೋ ಅವರೆಲ್ಲ ಹಳೆಯ ನೋಟ್‌ಬುಕ್ ತೆಗೆದು ನೋಡುತ್ತಾರೆ. ಕೆಡದೇ ಇದ್ದವರೂ ನೋಡುತ್ತಾರೆ. ನಿವೃತ್ತಿಗೆ ಒಂದೂವರೆ ವರ್ಷವಿತ್ತು. ನನ್ನ ಬಗ್ಗೆ ಆ ಕಟ್ಟಡದಲ್ಲಿ ಇದ್ದ ಒಳ್ಳೆಯ ಮಾತು ಒಂದೇ: ಅವರು ತೊಳೆದ ಗಾಜು ನೋಡಬೇಕು.

"ನಾನೇ ಕೊಡ್ತೀನಿ," ಎಂದೆ.

ಅದಕ್ಕೂ ಮೊದಲು ತೊಳೆಯುವ ಕೆಲಸವಿತ್ತು. ಹುಡುಗಿ ತಾನೇ ತೊಳೆದುಕೊಳ್ಳುತ್ತೇನೆಂದಳು, ನಾನು ಬಿಡಲಿಲ್ಲ. ಹಳೆಯ ಸೀಸೆಗಳನ್ನು ಸೋಡಾ ಕರಗಿಸಿದ ನೀರಿನಲ್ಲಿ ನೆನೆಸಿ, ಸೋಪು ಹಾಕಿ, ನಲ್ಲಿ ನೀರಿನಲ್ಲಿ ತೊಳೆದು, ಮಾಮೂಲಿನಂತೆ ಎರಡು ಸಲ ಶುದ್ಧ ನೀರು ತೋರಿಸಿ ಒಣಗಿಸಿದೆ. ಒಣಗಿದ ಮೇಲೆ ಎರಡು ಮೂರರಲ್ಲಿ ಮಸುಕು ಕಲೆ ಉಳಿದಿತ್ತು. ಕೈ ತನ್ನಷ್ಟಕ್ಕೆ ತಾನೇ ನೀಲಿ ತೊಟ್ಟಿಯ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಅಂಥ ಗಾಜನ್ನು ನನ್ನ ಕೈಯಾರೆ ಒಬ್ಬರಿಗೆ ಒಪ್ಪಿಸಿದ್ದು ನನ್ನ ಸೇವಾವಧಿಯಲ್ಲಿ ಅದೇ ಮೊದಲು. ಒಪ್ಪಿಸುವಾಗ ಕಪ್ಪು ಕನ್ನಡಕ ಹಾಕಿಕೊಂಡೆ. ಮೀಟರ್ ಇಟ್ಟು ನೋಡಿದಾಗ ಏಳರ ಮೇಲೆ ಒಂದು ಕೂದಲು.

ದಿನಕ್ಕೊಂದರಂತೆ ಮೂರು ಬ್ಯಾಚ್ ಕಟ್ಟಿದಳು. ಪ್ರತಿಯೊಂದೂ ಎರಡು ದಿನ ಫ್ರಿಜ್ಜಿನಲ್ಲಿತ್ತು, ಆಮೇಲೆ ಬೀಕರಿಗೆ ಇಳಿಯಿತು. ರಜೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ನಾನು ಅಧಿಕೃತವಾಗಿ ಅಲ್ಲಿರಲಿಲ್ಲ. ದಿನವೂ ಹೋಗುತ್ತಿದ್ದೆ, ಬೀಕರಿನಿಂದ ಎರಡು ಮೇಜು ದೂರದಲ್ಲಿ ಕೂರುತ್ತಿದ್ದೆ. ಕಾಲ್ಗುಣವನ್ನು ನಾನು ನಂಬುವುದಿಲ್ಲ. ಆದರೆ ಎರಡು ಮೇಜು ದೂರ ಕೂತರೆ ಯಾರಿಗೂ ನಷ್ಟವಿರಲಿಲ್ಲ.

ಮೊದಲ ಬೀಕರ್ ಮರುದಿನ ಬೆಳಗ್ಗೆ ನೀರಾಗಿಯೇ ಇತ್ತು. ಹುಡುಗಿ ಬಿಳಿ ಕಾಗದ ಹಿಂದಿಟ್ಟು ಮತ್ತೆ ನೋಡಿದಳು. ಎರಡನೆಯದೂ ನೀರು. ಮೂರನೆಯದನ್ನು ನೋಡುವಾಗ ಆಕೆ ನನ್ನನ್ನು ಕರೆದಳು.

"ಸರ್, ನಿಮ್ಮ ಹೊಸ ಕಣ್ಣಲ್ಲಿ ನೋಡಿ. ನಂಗೆ ಭಯ ಆಗ್ತಿದೆ. ಗುಲಾಬಿ ಇದ್ಯಾ?"

ನೋಡಿದೆ. ಬೀಕರಿನಾಚೆ ಆಕೆಯ ಬಳೆ ಕಾಣುತ್ತಿತ್ತು, ಬಳೆಯ ಮೇಲಿನ ಗೀರು ಕಾಣುತ್ತಿತ್ತು. ಗುಲಾಬಿ ಇರಲಿಲ್ಲ. ಪಕ್ಕದಲ್ಲಿ ಹುಳಿ ನೀರಿಗೆ ಇಳಿಬಿಟ್ಟ ಅದೇ ಪೊಟ್ಟಣಗಳು ಮಾತ್ರ ತಮ್ಮ ಕರ್ತವ್ಯ ಮುಗಿಸಿ, ಬೀಕರನ್ನು ಮದುವೆಮನೆಯ ಶರಬತ್ತಿನ ಬಣ್ಣಕ್ಕೆ ತಂದಿದ್ದವು.

"ಇಲ್ಲಮ್ಮ. ಬರ್ಕೋ."

ಸ್ಪಷ್ಟೀಕರಣವನ್ನು ನಾನು ಒಂದು ಪುಟದಲ್ಲಿ ಬರೆದೆ. ಸರ್ಕಾರಿ ಇಂಗ್ಲಿಷಿನಲ್ಲಿ ತಪ್ಪು ಯಾರು ಮಾಡಿದರೆಂದು ಹೇಳದೆಯೇ ತಪ್ಪಾಯಿತೆಂದು ಹೇಳಲು ಬೇಕಾದಷ್ಟು ದಾರಿಗಳಿವೆ. ಮೊದಲ ಕರಡಿನಲ್ಲಿ ಅವನ್ನೆಲ್ಲ ಬಳಸಿದ್ದೆ. ಸುತ್ತೋಲೆಯ ಸಂಖ್ಯೆಯನ್ನೂ ನಮೂದಿಸಿದ್ದೆ. ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದಾಗ ಅವಳು ಬದನೆಕಾಯಿ ಹೆಚ್ಚುತ್ತ, "ಇದರಲ್ಲಿ ಹಾಲು ಯಾರು ಒಡೆದ್ರು ಅಂತಾನೇ ಗೊತ್ತಾಗಲ್ವಲ್ಲ" ಎಂದಳು. ಎರಡನೆಯ ಕರಡು ಶುರುವಾಗುವುದೇ "ನಾನು" ಎಂದು.

ಸಮಿತಿಯ ದಿನ ನನ್ನನ್ನೂ ಕರೆಸಿದರು. ಐವರು ಕೂತಿದ್ದರು. ಅವರಲ್ಲಿ ಹಿರಿಯರೊಬ್ಬರು ನನ್ನ ಪುಟವನ್ನು ಎರಡು ಸಲ ಓದಿ, ಕೆಳಗಿಟ್ಟು, "ಅಂದರೆ ನೀವು ಗಾಜನ್ನು ಅಗತ್ಯಕ್ಕಿಂತ ಹೆಚ್ಚು ಶುಚಿ ಮಾಡಿದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಗತ್ಯಕ್ಕಿಂತ ಕಡಿಮೆ ಸರ್," ಎಂದೆ. "ನೋಡಲು ಶುಚಿಯಾಗಿತ್ತು. ತೊಳೆಯಲು ಬಳಸಿದ ಆಸಿಡ್ ಅದರಲ್ಲೇ ಉಳಿದಿತ್ತು."

ಅವರು ಹುಡುಗಿಯ ಕಡೆ ತಿರುಗಿ, ಸೀಸೆಯ ಹುಳಿಯನ್ನು ಮೊದಲೇ ಏಕೆ ಅಳೆಯಲಿಲ್ಲವೆಂದು ಕೇಳಿದರು. ಆಕೆ ನನ್ನ ಕಡೆ ನೋಡದೆ, "ಅವರು ತೊಳೆದದ್ದನ್ನು ಯಾರೂ ಅಳೆಯುವುದಿಲ್ಲ ಸರ್" ಎಂದಳು. ಅದು ಹೊಗಳಿಕೆಯೋ ದೂರೋ ತೀರ್ಮಾನಿಸಲು ನನಗೆ ಇಂದಿಗೂ ಆಗಿಲ್ಲ. ನಮ್ಮಿಬ್ಬರನ್ನೂ ಹೊರಗೆ ಕೂರಿಸಿದರು. ಕಾರಿಡಾರಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂತಿದ್ದೆವು. ಆಕೆ ಒಮ್ಮೆ ಮಾತ್ರ ಮಾತಾಡಿದಳು: ಕೆಳಗಿನ ಕ್ಯಾಂಟೀನಿನಲ್ಲಿ ಇವತ್ತು ರಾಜ್ಮಾ ಇದೆಯಾ ಸರ್, ಎಂದು. ಇದೆ ಎಂದೆ.

ಸಮಿತಿ ಆಕೆಗೆ ಆರು ತಿಂಗಳ ಅವಧಿ ಕೊಟ್ಟಿತು. ನನ್ನ ಸೇವಾ ಕಡತಕ್ಕೆ ಒಂದು ಎಚ್ಚರಿಕೆ ಪತ್ರ ಸೇರಿತು. ಆಕೆ ನವೆಂಬರ್‌ನಲ್ಲಿ ಪ್ರಬಂಧ ಸಲ್ಲಿಸಿದಳು.